ಕಲಾವಿದರ ಕಾಲಡಿಯ ಒದ್ದೆ

ಆ ಬೀದಿಯಲ್ಲಿ ಎಲ್ಲರೂ ಅವರನ್ನು ಕಲಾವಿದರು ಎಂದೇ ಕರೆಯುತ್ತಿದ್ದರು. ಅವರು ಕುಂಚ ಹಿಡಿದವರಲ್ಲ, ಹಾಡಿದವರಲ್ಲ, ವೇದಿಕೆ ಹತ್ತಿದವರೂ ಅಲ್ಲ. ಕೈಕಾಲು ಗಟ್ಟಿಯಿರುವವರೆಗೂ ಒಂದು ಡ್ರೈಕ್ಲೀನಿಂಗ್ ಅಂಗಡಿ ನಡೆಸಿದವರು. ಶಾಲೆಯ ಡ್ರಾಯಿಂಗ್ ಮೇಷ್ಟ್ರೊಬ್ಬರು ಒಮ್ಮೆ ಮಸಿ ಚೆಲ್ಲಿಕೊಂಡ ಕೋಟನ್ನು ತಂದು ಕೊಟ್ಟಿದ್ದರು. ಮತ್ತೆ ಬಂದು ನೋಡಿದರೆ ಮಸಿಯ ಗುರುತೇ ಇಲ್ಲ. ಕೋಟನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ ಮೇಷ್ಟ್ರು, "ನಮ್ಮ ಹುಡುಗರು ದಿನಾ ಕಲೆ ಮಾಡ್ತಾರೆ, ನೀವು ದಿನಾ ಕಲೆ ತೆಗೀತೀರಿ. ಹಾಗೆ ನೋಡಿದ್ರೆ ಕಲೆ ಅಂದ್ರೆ ಏನು ಅಂತ ಗೊತ್ತಿರೋದು ನಿಮಗೊಬ್ಬರಿಗೇ" ಎಂದರು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅಂದು ಅಂಟಿಕೊಂಡ ಹೆಸರು ಅಂಟಿಕೊಂಡೇ ಉಳಿಯಿತು. ಕಲೆ ತೆಗೆಯುವವರಿಗೇ ಅಂಟಿಕೊಂಡ ಮೇಲೆ ಅದನ್ನು ತೆಗೆಯುವವರು ಇನ್ಯಾರು?

ಅಂಗಡಿ ಎಂದರೆ ಉದ್ದಕ್ಕೆ ರೈಲಿನ ಡಬ್ಬಿಯಂಥ ಒಂದು ಕೋಣೆ. ಮುಂದೆ ಮರದ ಕೌಂಟರು, ಅದರ ಹಿಂದೆ ಅವರ ಹೆಂಡತಿಯ ಎತ್ತರದ ಸ್ಟೂಲು. ತಲೆಯ ಮೇಲೆ ಕಬ್ಬಿಣದ ಸಲಾಕೆಯುದ್ದಕ್ಕೂ ತೂಗುಹಾಕಿದ ಕೋಟು, ಕಂಬಳಿ, ಪರದೆಗಳು. ಒಳಗೆ ದುಂಡಗಿನ ಗಾಜಿನ ಬಾಗಿಲಿನ ಯಂತ್ರ, ಬುಸುಗುಟ್ಟುವ ಹಬೆಯ ಇಸ್ತ್ರಿ, ಗೋಡೆಗೆ ಒತ್ತಿ ನಿಂತ ಮೇಜಿನ ಮೇಲೆ ಸಾಲು ಸಾಲು ಸೀಸೆಗಳು. ಆ ಸೀಸೆಗಳ ಗಾಳಿ ಕುಡಿದು ಕುಡಿದು ಕಲಾವಿದರ ಮೂಗು ಎಂದೋ ಸತ್ತುಹೋಗಿತ್ತು. ಹೆಂಡತಿ ಅಡುಗೆಮನೆಯಲ್ಲಿ ಹಾಲು ಸೀಯಿಸಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು, ಇವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. "ನನ್ನ ಅಡುಗೆ ಬಗ್ಗೆ ಇವರು ಒಂದು ದಿನಾನೂ ಕೊಂಕು ಮಾತಾಡಿದವರಲ್ಲ" ಎಂದು ಆಕೆ ಹೇಳಿಕೊಳ್ಳುತ್ತಿದ್ದದ್ದು ಹೊಗಳಿಕೆಯೋ ದೂರೋ ಯಾರಿಗೂ ತಿಳಿಯುತ್ತಿರಲಿಲ್ಲ.

ಕಲೆ ಯಾವುದರದ್ದು ಎಂದು ಅವರು ಕೇಳುತ್ತಿದ್ದರು. ಹೇಗಾಯಿತು ಎಂದು ಕೇಳುತ್ತಿರಲಿಲ್ಲ. ಎಷ್ಟೋ ಸಲ ಯಾವುದರದ್ದು ಎಂದೂ ಕೇಳುತ್ತಿರಲಿಲ್ಲ, ನೋಡಿದರೇ ತಿಳಿಯುತ್ತಿತ್ತು. ಒಂದೇ ಕಾಲರಿನ ಮೇಲೆ ಎರಡು ಬಣ್ಣದ ಲಿಪ್‌ಸ್ಟಿಕ್ ಬಂದದ್ದುಂಟು. ಬೆಳೆದು ನಿಂತ ಮಗನ ಹಾಸಿಗೆಯ ಹೊದಿಕೆಯನ್ನು ವಾರ ವಾರವೂ ತಲೆ ತಗ್ಗಿಸಿಕೊಂಡು ತರುತ್ತಿದ್ದ ತಂದೆಯೊಬ್ಬನಿದ್ದ. ಅವನ ಗಂಟನ್ನು ಕಲಾವಿದರು ಕೌಂಟರಿನ ಮೇಲೆ ಬಿಚ್ಚುತ್ತಲೇ ಇರಲಿಲ್ಲ. ಹಾಗೇ ಒಳಗೊಯ್ದು, ಒಗೆದು, ಕಾಗದದಲ್ಲಿ ಸುತ್ತಿ, ಹೊಸ ಬಟ್ಟೆ ಕೊಡುವವರ ಹಾಗೆ ಕೈಗಿಡುತ್ತಿದ್ದರು. ಶಾಲೆ ಮುಗಿಸಿ ಬಂದ ಕಲಾವಿದರ ಮಗಳು ಅಲ್ಲೇ ಕುಳಿತು ಮನೆಪಾಠ ಮಾಡುತ್ತಾ ಇದನ್ನೆಲ್ಲ ನೋಡುತ್ತಿದ್ದಳು. ಒಮ್ಮೆ ಅವಳು ಗಿರಾಕಿಯೊಬ್ಬಳನ್ನು, "ಇಷ್ಟೊಂದು ಹೇಗೆ ಚೆಲ್ಲಿಕೊಂಡ್ರಿ ಆಂಟಿ?" ಎಂದು ಕೇಳಿಬಿಟ್ಟಾಗ, ಆಕೆ ಹೋದ ಮೇಲೆ ಕಲಾವಿದರು ಮಗಳ ಪಕ್ಕ ಬಂದು ಕುಳಿತರು. "ಪುಟ್ಟಿ, ಕಲೆ ತಂದವರಿಗೆ ಆಗಲೇ ನಾಚಿಕೆಯಾಗಿರುತ್ತೆ. ನಾವು ಕೇಳಿ ಇನ್ನಷ್ಟು ಮಾಡಬಾರದು" ಎಂದರು. ಮಗಳು ಅದನ್ನು ಮರೆಯಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಅವರು ಅಂಗಡಿ ಮುಚ್ಚಿ ಮಗಳ ಮನೆಗೆ ಬಂದರು. ಮಗಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಅಳಿಯ ಪೀಠೋಪಕರಣದ ಮಳಿಗೆಯೊಂದರಲ್ಲಿ ಮ್ಯಾನೇಜರು. ಒಳ್ಳೆಯವನು, ಮಾತು ಜಾಸ್ತಿ, ಕೈಗೆ ಸಿಕ್ಕಿದ್ದನ್ನು ಬಿಚ್ಚಿ ನೋಡುವ ಚಟದವನು. ಬಿಚ್ಚಿದ್ದನ್ನು ಮತ್ತೆ ಜೋಡಿಸುವುದು ಮಾತ್ರ ಅವನ ಕೈಯಲ್ಲಿ ಅಷ್ಟಾಗಿ ಆಗುತ್ತಿರಲಿಲ್ಲ. ಮಕ್ಕಳಿರಲಿಲ್ಲ. ಮೂವರ ಮನೆ, ನೆಮ್ಮದಿಯಾಗಿಯೇ ಇತ್ತು.

ಎರಡು ವರ್ಷದ ಹಿಂದೆ ಕಲಾವಿದರಿಗೆ ಪ್ರಾಸ್ಟೇಟ್ ಆಪರೇಷನ್ ಆಯಿತು. ಆಮೇಲೆ ಕೆಲವು ತಿಂಗಳು ಮೂತ್ರ ಹಿಡಿತಕ್ಕೆ ಸಿಗದೆ ಪ್ಯಾಡು ಕಟ್ಟಿಕೊಂಡು ಓಡಾಡಬೇಕಾಯಿತು. ಜೀವಮಾನವೆಲ್ಲ ಗರಿಗರಿ ಇಸ್ತ್ರಿಯ ಪ್ಯಾಂಟು ತೊಟ್ಟ ಮನುಷ್ಯನಿಗೆ ಅದು ಆಪರೇಷನ್ನಿಗಿಂತ ದೊಡ್ಡ ನೋವು. ನಿಧಾನಕ್ಕೆ ಎಲ್ಲ ಸರಿಹೋಯಿತು. ಕೊನೆಯ ಸಲ ನೋಡಿದಾಗ ಡಾಕ್ಟರು, "ಈಗ ಚೆನ್ನಾಗಿದೆ. ವಯಸ್ಸಾಗ್ತಾ ಮತ್ತೆ ಶುರುವಾದ್ರೆ ಹೇಳಿ" ಎಂದರು. ಡಾಕ್ಟರು ಹೇಳಿದ್ದರಲ್ಲಿ ಮೊದಲ ಮಾತು ಕಲಾವಿದರ ಕಿವಿಗೆ ಬೀಳಲೇ ಇಲ್ಲ, ಎರಡನೆಯದು ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಭಾನುವಾರಗಳಂದು ಅವರು ಗುಡ್ಡದಾಚೆಯ ಊರಿನಲ್ಲಿರುವ ಅಕ್ಕನನ್ನು ನೋಡಲು ಹೋಗುತ್ತಿದ್ದರು. ಅಳಿಯ ಕಾರು ಓಡಿಸುತ್ತಿದ್ದ, ಪಕ್ಕದಲ್ಲಿ ಇವರು, ಹಿಂದೆ ಮಗಳು. ಚಳಿಗಾಲ ಬಂದು ಕಾರಿನಲ್ಲಿ ಹೀಟರ್ ಹಾಕಿಕೊಳ್ಳತೊಡಗಿದ ಹೊತ್ತಿನಲ್ಲೇ ಅದು ಶುರುವಾಯಿತು. ಮನೆಗೆ ಮರಳಿ ಕಾರಿನಿಂದ ಇಳಿದಾಗ ಕಲಾವಿದರ ಒಂದು ಕಾಲುಚೀಲ ತಣ್ಣಗೆ ಪಾದಕ್ಕೆ ಅಂಟಿಕೊಂಡಿತು. ಬಗ್ಗಿ ಮುಟ್ಟಿದರು. ಪ್ಯಾಂಟಿನ ಅಂಚು ಒದ್ದೆ. ಆ ಕಾಲಿಗೆ ಸೊಂಟದ ನರದಿಂದಾಗಿ ಮೊದಲೇ ಅರ್ಧ ಜೋಮು. ಏನು ಯಾವಾಗ ಹರಿಯಿತೋ ಗೊತ್ತಾಗುವ ಹಾಗಿರಲಿಲ್ಲ. ಡಾಕ್ಟರು ಹೇಳಿದ್ದು ನೆನಪಾಯಿತು. ಯಾರ ಮುಖವನ್ನೂ ನೋಡದೆ ನೇರ ಬಚ್ಚಲಿಗೆ ಹೋಗಿ ಪ್ಯಾಂಟನ್ನು ಬಕೆಟ್ಟಿಗೆ ಅದ್ದಿ ಸೋಪಿನ ಪುಡಿ ಸುರಿದರು. ಬೇರೆಯವರ ಬಟ್ಟೆಯಾಗಿದ್ದರೆ ಕಿಟಕಿಯ ಹತ್ತಿರ ಒಯ್ದು, ಉಜ್ಜಿ, ಹಿಂದುಮುಂದು ನೋಡಿ, ಇದು ಇಂಥದ್ದೇ ಎಂದು ಹೇಳುತ್ತಿದ್ದರು. ಪ್ಯಾಂಟಿನ ಮೇಲ್ಭಾಗ ಬೆಚ್ಚಗೆ ಒಣಗಿಯೇ ಇದೆ, ಮಂಡಿಯಿಂದ ಕೆಳಗಷ್ಟೇ ಒದ್ದೆ ಎಂಬುದು ಆಗ ಕಣ್ಣಿಗೆ ಬೀಳುತ್ತಿತ್ತು. ತಮ್ಮದೇ ಎಂದು ತಿಳಿದ ಮೇಲೆ ನೋಡುವ ಧೈರ್ಯ ಬರಲಿಲ್ಲ.

ಅದೇ ಸಂಜೆ ಮಗಳು ಕಾರಿನಲ್ಲಿ ಮರೆತ ಬ್ಯಾಗು ತರಲು ಹೋದಳು. ಮುಂದಿನ ಸೀಟಿನ ಕೆಳಗಿನ ಕಪ್ಪು ಮ್ಯಾಟಿನ ಮೇಲೆ ಕೈ ಊರಿದರೆ ಪಚಕ್ ಎಂದಿತು. ಬಚ್ಚಲಿನಲ್ಲಿ ಅಪ್ಪ ತಾನೇ ಬಟ್ಟೆ ಒಗೆಯುತ್ತಿರುವ ಸದ್ದು ಕೇಳುತ್ತಿತ್ತು. ಎರಡನ್ನೂ ಕೂಡಿಸಿ ಲೆಕ್ಕ ಹಾಕಿದಳು. ಸದ್ದಿಲ್ಲದೆ ಮ್ಯಾಟನ್ನು ಹಿತ್ತಲಿಗೆ ಒಯ್ದು, ನಲ್ಲಿಯ ಕೆಳಗೆ ತೊಳೆದು, ಗೋಡೆಗೆ ಒರಗಿಸಿದಳು. ಒಂದು ಸಂಗತಿ ಮಾತ್ರ ಅವಳನ್ನು ಕೊರೆಯತೊಡಗಿತು. ಆ ಒದ್ದೆಗೆ ಇರಬೇಕಾದ ವಾಸನೆ ಇರಲಿಲ್ಲ. ಪಾಕದ ಹಾಗೆ ಸಿಹಿಸಿಹಿ ವಾಸನೆ. ಲ್ಯಾಬಿನಲ್ಲಿ ಕೆಲಸ ಮಾಡುವವಳ ತಲೆ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು: ಅಪ್ಪನಿಗೆ ಸಕ್ಕರೆ ಕಾಯಿಲೆ.

ಮರುದಿನವೇ, "ಅಪ್ಪ, ಲ್ಯಾಬಿಗೆ ಹೊಸ ಮೆಷಿನ್ ಬಂದಿದೆ, ಪರೀಕ್ಷೆಗೆ ಸ್ವಲ್ಪ ರಕ್ತ ಬೇಕು" ಎಂದು ಸುಳ್ಳು ಹೇಳಿ ತೋಳಿಗೆ ಸೂಜಿ ಚುಚ್ಚಿದಳು.

"ಊರಲ್ಲಿ ಇನ್ಯಾರೂ ಸಿಗಲಿಲ್ವೇನೆ?"

"ನಿನ್ನ ನರ ಚೆನ್ನಾಗಿ ಕಾಣುತ್ತಪ್ಪ. ಕೈ ಸಡಿಲ ಬಿಡು."

ಸಕ್ಕರೆ ಇರಲಿಲ್ಲ. ಎಲ್ಲವೂ ಇರಬೇಕಾದಷ್ಟೇ ಇತ್ತು. ಅರ್ಧ ದಿನ ಅವಳಿಗೆ ಸಮಾಧಾನ, ಉಳಿದರ್ಧ ದಿನ ಇನ್ನೂ ಗಾಬರಿ. ಸಕ್ಕರೆಯಲ್ಲದಿದ್ದರೆ ಮತ್ತೇನು? ಅಪ್ಪನನ್ನೇ ಕೇಳಿದ್ದರೆ ಆಗುತ್ತಿತ್ತು. ಹಲವು ಸಲ ಬಾಯಿಯವರೆಗೂ ಬಂತು. ತಂದೆ ದಿನಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ಕುಳಿತ ರೀತಿ ನೋಡಿ ನುಂಗಿಕೊಂಡಳು.

ಇತ್ತ ಅಳಿಯನದು ಬೇರೆಯೇ ಕಥೆ. ಕಾರಿನ ಬಾನೆಟ್ ಎತ್ತಿ ನೋಡಿದಾಗಲೆಲ್ಲ ಕೂಲೆಂಟ್ ಡಬ್ಬಿಯ ಮಟ್ಟ ಇಳಿದಿರುತ್ತಿತ್ತು. ಎಂಜಿನ್ ತಣ್ಣಗಿಡುವ ಆ ಹಸಿರು ನೀರನ್ನು ಇವನು ಸುರಿಯುವುದು, ಕಾರು ಅದನ್ನು ಕುಡಿಯುವುದು. ರಾತ್ರಿ ಕಾರಿನ ಕೆಳಗೆ ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ ಹಾಸಿದ. ಬೆಳಿಗ್ಗೆ ಮೊಣಕಾಲೂರಿ ನೋಡಿದರೆ ರಟ್ಟು ಒಣಗಿದ ಹಾಗೇ ಇತ್ತು. "ಕೆಳಗೆ ಒಂದು ಹನಿ ಇಲ್ಲ ಕಣೇ. ಹಾಗಾದ್ರೆ ಹೋಗೋದೆಲ್ಲಿಗೆ? ಆವಿಯಾಗಿ ಆಕಾಶಕ್ಕಾ?" ಎಂದು ಊಟಕ್ಕೆ ಕುಳಿತಾಗ ಕೇಳಿದ. ಜೊತೆಗೆ ಇನ್ನೊಂದು ರಗಳೆ: ಮುಂದಿನ ಗಾಜಿಗೆ ಒಳಗಿನಿಂದ ಜಿಡ್ಡಿನಂಥ ಮಂಜು ಕಟ್ಟುತ್ತಿತ್ತು. ಎಷ್ಟು ಒರೆಸಿದರೂ ಮತ್ತೆ ಅದೇ. "ನೀನು ಕೈಗೆ ಹಚ್ಕೊಳ್ಳೋ ಕ್ರೀಮು ಇದಕ್ಕೆಲ್ಲ ಕಾರಣ" ಎಂದು ಹೆಂಡತಿಯ ಮೇಲೆ ಹೇರಿದ. ಅವಳ ಮನಸ್ಸು ಅಲ್ಲಿರಲಿಲ್ಲ. ಕಲಾವಿದರು ತಟ್ಟೆಯಿಂದ ತಲೆ ಎತ್ತಲಿಲ್ಲ.

ಹೀಗೆ ಒಂದೇ ಮೇಜಿನ ಸುತ್ತ ಕುಳಿತ ಮೂವರ ಹತ್ತಿರವೂ ಒಂದೊಂದು ತುಂಡು ವಿಷಯವಿತ್ತು. ಅಳಿಯನಿಗೆ ಕೂಲೆಂಟ್ ಕಡಿಮೆಯಾಗುವುದು ಗೊತ್ತು, ಮ್ಯಾಟಿನ ಸುದ್ದಿ ಗೊತ್ತಿಲ್ಲ. ಮಗಳಿಗೆ ಮ್ಯಾಟು ಗೊತ್ತು, ಆದರೆ ಅದು ಅಪ್ಪನ ಮಾನದ ವಿಷಯ. ಕಲಾವಿದರಿಗೆ ತಮ್ಮ ಪ್ಯಾಂಟಿನ ಅಂಚಿನ ಹೊರತು ಲೋಕದಲ್ಲಿ ಬೇರೇನೂ ಕಾಣುತ್ತಿರಲಿಲ್ಲ.

ಮುಂದಿನ ಭಾನುವಾರ ಬೆಳಗಿನಿಂದ ಅವರು ನೀರು ಮುಟ್ಟಲಿಲ್ಲ, ಚಹಾವನ್ನೂ ಬೇಡವೆಂದರು. ದಪ್ಪ ಟವೆಲೊಂದನ್ನು ಮಡಿಸಿ ಸೀಟಿನ ಮೇಲೆ ಹಾಕಿಕೊಂಡು, "ಸೀಟು ತಣ್ಣಗಿರುತ್ತೆ" ಎಂದರು. ಬಾಯಿ ಒಣಗಿಸಿಕೊಂಡು ಹೋಗಿ ಬಂದರೂ ಕಾಲುಚೀಲ ಒದ್ದೆ. ಹನಿ ನೀರು ಕುಡಿಯದಿದ್ದರೂ ಹೀಗಾಗುವುದಾದರೆ ತಮ್ಮ ಕಥೆ ಮುಗಿದ ಹಾಗೆ ಎಂದುಕೊಂಡರು. ಅದರ ಮುಂದಿನ ವಾರ ಮಂಡಿ ನೋವು ಎಂದರು. ಆಮೇಲೆ ನೆಗಡಿ. ಆಮೇಲೆ ನೆಪ ಹುಡುಕುವುದನ್ನೂ ಬಿಟ್ಟು, "ಈ ವಾರ ಬೇಡ" ಎಂದಷ್ಟೇ ಹೇಳತೊಡಗಿದರು. ಅವರು ಬರದೆ ಕಾರು ದೂರ ಹೋಗುತ್ತಿರಲಿಲ್ಲ. ಮಾರ್ಕೆಟ್ಟಿಗೆ ಹೋಗಿ ಬರುವಷ್ಟರಲ್ಲಿ ಎಂಜಿನ್ ಬಿಸಿಯೂ ಆಗುತ್ತಿರಲಿಲ್ಲ, ಹೀಟರ್ ಹಾಕುವ ಪ್ರಮೇಯವೂ ಇರಲಿಲ್ಲ. ಮ್ಯಾಟಿನಡಿಯ ಹಾಸು ಆಗಲೂ ಹಸಿಹಸಿಯಾಗಿಯೇ ಇತ್ತು. ಹಳೆಯ ಒದ್ದೆಯೇ ಚಳಿಗೆ ಆರಿಲ್ಲವೆಂದು ಮಗಳು ತಿಳಿದಳು.

ಅಕ್ಕ ಬಿಡುವ ಹೆಂಗಸಲ್ಲ. ಫೋನಿನಲ್ಲಿ ಬಯ್ಗುಳದ ಮಳೆ. "ಏನೋ ನಿನಗೆ ಬಂದಿರೋ ದೊಡ್ಡಸ್ತಿಕೆ? ನಾನು ಹೋದ ಮೇಲೆ ಹೆಗಲು ಕೊಡೋಕ್ಕೇ ಬರ್ತೀಯಾ?"

"ಹಾಗಲ್ಲ ಅಕ್ಕ, ಚಳಿ..."

"ನನಗಿಂತ ಚಿಕ್ಕೋನು, ನಿನಗೆ ಚಳಿ! ಬುಧವಾರ ನನ್ನ ಕಣ್ಣಿನ ಆಪರೇಷನ್. ಪೊರೆ ತೆಗೀತಾರಂತೆ. ನೀನು ಪಕ್ಕದಲ್ಲಿರಬೇಕು. ಇಲ್ಲದಿದ್ರೆ ನಾನು ಆ ಮಂಚ ಹತ್ತೋದೇ ಇಲ್ಲ."

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಬುಧವಾರ ಬೆಳಿಗ್ಗೆ ಕಲಾವಿದರು ಬೀರುವಿನ ತಳದಲ್ಲಿ ಅಡಗಿಸಿಟ್ಟಿದ್ದ ಹಳೆಯ ಪೊಟ್ಟಣದಿಂದ ಪ್ಯಾಡು ತೆಗೆದು ಕಟ್ಟಿಕೊಂಡರು. ಇದ್ದುದರಲ್ಲೇ ಗಾಢ ಬಣ್ಣದ ಪ್ಯಾಂಟು ಹಾಕಿದರು. ಹಿಂದಿನ ಸಂಜೆಯಿಂದ ಗಂಟಲಿಗೆ ಏನೂ ಇಳಿಸಿರಲಿಲ್ಲ. ಮಗಳು ಕಂಡೂ ಕಾಣದವಳ ಹಾಗೆ ಕಾರಿನ ಬಾಗಿಲು ತೆಗೆದು ಹಿಡಿದಳು.

ಗುಡ್ಡದ ಏರು ಅರ್ಧ ಹತ್ತಿರಬಹುದು, ಅಳಿಯ ಇದ್ದಕ್ಕಿದ್ದಂತೆ ಬೆನ್ನು ನೆಟ್ಟಗೆ ಮಾಡಿದ. ಡ್ಯಾಶ್‌ಬೋರ್ಡಿನಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಯ ಕಡೆ ಹೊರಟಿತ್ತು. "ಸತ್ತೆ" ಎಂದು ಹೀಟರಿನ ಗುಂಡಿ ತಿರುಗಿಸಿ, ಕಾರಿನ ವೇಗ ತಗ್ಗಿಸಿ, ತೆವಳಿಸಿಕೊಂಡು ಹೋಗಿ ಪೆಟ್ರೋಲ್ ಬಂಕಿನ ಪಕ್ಕದ ಗ್ಯಾರೇಜೊಂದರ ಮುಂದೆ ನಿಲ್ಲಿಸಿದ.

ಗ್ಯಾರೇಜಿನವನು ಹೊಟ್ಟೆಯ ಮೇಲೆ ಗುಂಡಿ ಕಿತ್ತುಹೋದ ಡಾಂಗ್ರಿ ತೊಟ್ಟ ದಪ್ಪ ಆಸಾಮಿ. ಕನ್ನಡಕವನ್ನು ಶೂ ಲೇಸಿನಿಂದ ಕೊರಳಿಗೆ ತೂಗುಹಾಕಿಕೊಂಡಿದ್ದ. ಅಳಿಯ ಇಳಿದವನೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಹೋದ.

"ಸಾರ್, ಸಾರ್! ಮುಖ ಬೇಕೋ ಬೇಡ್ವೋ? ಬಿಸಿ ಇರುವಾಗ ತೆಗೆದ್ರೆ ಒಳಗಿನ ನೀರೆಲ್ಲ ಹಬೆಯಾಗಿ ಮುಖಕ್ಕೇ ಬರುತ್ತೆ. ಕೂತ್ಕೊಳ್ಳಿ. ತಣ್ಣಗಾಗಲಿ. ಚಹಾ ಕುಡೀರಿ."

ಕಲಾವಿದರು ಚಹಾ ಬೇಡವೆಂದರು. ಗೋಡೆಯ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟ ಟೈರುಗಳ ಮೇಲೆ, ಯಾರೂ ತಮ್ಮ ಕಾಲು ನೋಡದ ಹಾಗೆ ಮಡಚಿಕೊಂಡು ಕುಳಿತರು. ಮಗಳು ಸೋದರತ್ತೆಗೆ ಫೋನು ಮಾಡಿ, ಸ್ವಲ್ಪ ತಡವಾಗುತ್ತದೆ, ಆದರೆ ಅಪ್ಪ ಬಂದೇ ಬರುತ್ತಾನೆ ಎಂದು ಸಮಾಧಾನ ಹೇಳಿದಳು.

ಎಂಜಿನ್ ತಣ್ಣಗಾದ ಮೇಲೆ ಗ್ಯಾರೇಜಿನವನು ನೀರು ತುಂಬಿಸಿ, ರೇಡಿಯೇಟರಿನ ಬಾಯಿಗೆ ಸೈಕಲ್ ಪಂಪಿನಂಥ ಉಪಕರಣ ಕೂರಿಸಿ ಗಾಳಿ ಹೊಡೆದ. ಅದರ ಮೇಲಿನ ಮುಳ್ಳು ಮೇಲೇರಿ, ನಿಲ್ಲದೆ ಮೆಲ್ಲಗೆ ಇಳಿಯತೊಡಗಿತು.

"ಸೋರ್ತಾ ಇದೆ. ಅದಂತೂ ಖಾತ್ರಿ. ಎಲ್ಲಿ ಅನ್ನೋದೇ ಪ್ರಶ್ನೆ. ಒಂದು ನಿಮಿಷದಲ್ಲಿ ಹೇಳ್ತೀನಿ ನೋಡಿ."

ಒಂದು ನಿಮಿಷ ಹೋಗಿ ಬಹಳ ಹೊತ್ತಾಯಿತು. ಟಾರ್ಚು ಹಿಡಿದು ರೇಡಿಯೇಟರಿನ ಮೂಲೆಮೂಲೆ ನೋಡಿದ. ಪೈಪುಗಳ ಕೀಲುಗಳಿಗೆ ಬಿಳಿ ಕಾಗದ ಒತ್ತಿ ತೆಗೆದ. ಎಂಜಿನ್ನಿನ ನೀರಿನ ಪಂಪಿನ ಕೆಳಗೆ ಬೆರಳಾಡಿಸಿದ. ಎಲ್ಲೂ ಹನಿಯಿಲ್ಲ. "ಹೊರಗಿಲ್ಲ ಅಂದ್ರೆ ಎಂಜಿನ್ನಿನ ಒಳಗೇ ಹೋಗ್ತಿರಬೇಕು. ಹೆಡ್ ಗ್ಯಾಸ್ಕೆಟ್ಟು ಒಡೆದಿರಬಹುದು" ಎಂದು ಅಡ್ಡಡ್ಡ ತಲೆಯಾಡಿಸಿದ. ಆಯಿಲ್ ಕಡ್ಡಿ ಎಳೆದು ನೋಡಿದ. ನೀರು ಬೆರೆತಿದ್ದರೆ ಹಾಲು ಹಾಕಿದ ಚಹಾದಂತಿರಬೇಕಿತ್ತು, ಶುದ್ಧ ಕಪ್ಪಗಿತ್ತು. ಎಂಜಿನ್ ಚಾಲೂ ಮಾಡಿ ಹಿಂದೆ ಹೋಗಿ ನಿಂತು ನೋಡಿದ. ಬಿಳಿ ಹೊಗೆಯೂ ಇಲ್ಲ. ಹೇಳಿದ ಮಾತು ಅವನಿಗೇ ಒಪ್ಪಿಗೆಯಾಗದೆ ಕನ್ನಡಕವನ್ನು ಮೇಲೆ ಕೆಳಗೆ ಮಾಡತೊಡಗಿದ.

"ಇನ್ನೊಂದು ವಿಷಯ," ಎಂದ ಅಳಿಯ, "ಗಾಜಿಗೆ ಒಳಗಿಂದ ಮಂಜು ಕಟ್ಟುತ್ತೆ. ಜಿಡ್ಡು ಜಿಡ್ಡಾಗಿ."

ಗ್ಯಾರೇಜಿನವನ ಕೈ ನಿಂತಿತು. "ಒಳಗಿಂದಾನಾ? ಹೀಟರ್ ಹಾಕಿದಾಗ?" ಮಗಳ ಕಡೆ ತಿರುಗಿ ಕೇಳಿದ, "ಅಮ್ಮಾ, ಕಾರಿನ ಒಳಗೆ ಎಲ್ಲಾದ್ರೂ ಒದ್ದೆ ಇದೆಯಾ? ಮುಂದಿನ ಸೀಟಿನವರು ಕಾಲಿಡ್ತಾರಲ್ಲ, ಅಲ್ಲಿ?"

"ಇಲ್ಲ" ಎಂದಳು ಮಗಳು.

ಕೇಳಿದ ಮಾತು ಮುಗಿಯುವ ಮುಂಚೆಯೇ ಬಂದ ಉತ್ತರ. ಅವಳ ಮುಖ ಕೆಂಪಾಗಿತ್ತು. "ಏನೂ ಇಲ್ಲ. ನಾನೇ ಮ್ಯಾಟ್ ತೊಳೀತೀನಿ, ನನಗೆ ಗೊತ್ತು."

"ಹಾಗಾದ್ರೆ ಕಷ್ಟ. ಎಂಜಿನ್ ಬಿಚ್ಚಲೇಬೇಕು. ಕಾರು ಇಲ್ಲೇ ಬಿಟ್ಟು ಹೋಗಿ."

ಟೈರಿನ ಮೇಲೆ ಕುಳಿತಿದ್ದ ಕಲಾವಿದರು ಮಗಳನ್ನೇ ನೋಡಿದರು. ಅವಳು ಇತ್ತ ನೋಡಲಿಲ್ಲ. ಆ ಒಂದು 'ಇಲ್ಲ'ದಲ್ಲಿ ಅವರಿಗೆ ಎಲ್ಲ ತಿಳಿಯಿತು. ಮ್ಯಾಟು ಪ್ರತಿ ಸಲವೂ ಶುಭ್ರವಾಗಿರುತ್ತಿದ್ದದ್ದು ಏಕೆ, ಬಚ್ಚಲಿನ ಬಾಗಿಲಲ್ಲಿ ಯಾರೂ ಏನೂ ಕೇಳದಿದ್ದದ್ದು ಏಕೆ ಎಂದು. ಇಷ್ಟು ದಿನ ತಾನೊಬ್ಬನೇ ಹೊತ್ತಿದ್ದೇನೆ ಎಂದುಕೊಂಡ ಭಾರದ ಇನ್ನೊಂದು ತುದಿಯನ್ನು ಮಗಳು ಹಿಡಿದಿದ್ದಳು. ಈಗ ತಂದೆಯ ಮಾನ ಉಳಿಸಲು ಪರರ ಮುಂದೆ ಸುಳ್ಳನ್ನೂ ಹೇಳುತ್ತಿದ್ದಾಳೆ. ಅತ್ತ ಅಕ್ಕ ಮಂಚ ಹತ್ತದೆ ಕಾಯುತ್ತಿದ್ದಾಳೆ.

ಅವರು ಎದ್ದು ನಿಂತರು. ಪ್ಯಾಂಟಿನ ಮಡಿಕೆ ಸರಿಮಾಡಿಕೊಂಡರು.

"ಒದ್ದೆ ಇದೆ" ಎಂದರು. "ಬಹಳ ದಿನದಿಂದ ಇದೆ. ಅವಳು ನನಗೋಸ್ಕರ ಇಲ್ಲ ಅಂತಿದ್ದಾಳೆ. ಆದ್ರೆ ಅದು ಕಾರಿನದಲ್ಲಪ್ಪ. ನನ್ನದು. ನನಗೆ ಆಪರೇಷನ್ ಆಗಿದೆ. ಹಿಡಿತ ತಪ್ಪಿದೆ. ಅದನ್ನ ಲೆಕ್ಕಕ್ಕೆ ತಗೊಳ್ಳದೆ ನೀನು ಬೇರೆ ಕಡೆ ಹುಡುಕು."

ಅಳಿಯನ ಬಾಯಿ ತೆರೆದೇ ಇತ್ತು. "ಏನು? ಯಾರದು? ಯಾವಾಗಿಂದ?" ಎಂದು ಒಬ್ಬೊಬ್ಬರ ಮುಖವನ್ನೂ ನೋಡಿದ.

ಗ್ಯಾರೇಜಿನವನು ಕಾರಿನ ಮುಂಬಾಗಿಲು ತೆಗೆದು, ಉಸ್ಸಪ್ಪಾ ಎಂದು ಮಂಡಿಯೂರಿದ. ಮ್ಯಾಟು ಎತ್ತಿ, ಹಾಸಿನ ಮೇಲೆ ಅಂಗೈ ಒತ್ತಿ, ಬೆರಳಿಗೆ ಬೆರಳು ಉಜ್ಜಿದ. ಮೂಗಿನ ಹತ್ತಿರ ಹಿಡಿದ. ಮತ್ತೆ ಒತ್ತಿ, ಕೈಯನ್ನು ಬೆಳಕಿಗೆ ಚಾಚಿದ. ಅವನ ಹೊಟ್ಟೆ ಮೊದಲು ಅಲುಗಾಡಿತು, ನಗು ಆಮೇಲೆ ಹೊರಬಂತು.

"ಅಜ್ಜಾ, ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ತೀನಿ. ನಿಮ್ಮದು ಹಸಿರು ಬಣ್ಣ ಬರುತ್ತಾ?"

ಕಲಾವಿದರಿಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು. ಆಮೇಲೆ ಜೇಬಿನಿಂದ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರ ತೆಗೆದರು. ಬಗ್ಗಿ, ಹಾಸಿನ ಮೇಲೆ ಅದನ್ನು ಗಟ್ಟಿಯಾಗಿ ಒತ್ತಿದರು. ಅಂಗಳದ ಬಿಸಿಲಿಗೆ ಒಯ್ದು ಎರಡೂ ಕೈಯಲ್ಲಿ ಅಗಲಿಸಿ ಹಿಡಿದರು. ಬಟ್ಟೆಯ ನಡುವೆ ತಿಳಿಹಸಿರು ಬಣ್ಣ ಹರಡಿತ್ತು. ಉಗುರಿನಿಂದ ಉಜ್ಜಿದರು. ಬೆರಳುಗಳ ನಡುವೆ ಅದು ಜಾರಿತು.

"ಇದು... ಇದು ಎಣ್ಣೆಯಲ್ಲ, ನೀರೂ ಅಲ್ಲ" ಎಂದರು ತಮ್ಮಷ್ಟಕ್ಕೆ.

"ಕೂಲೆಂಟ್ ಅಜ್ಜಾ! ಡ್ಯಾಶ್‌ಬೋರ್ಡಿನ ಹಿಂದೆ ಹೀಟರಿಗೆ ಅಂತಾನೇ ಒಂದು ಪುಟ್ಟ ರೇಡಿಯೇಟರ್ ಇರುತ್ತೆ. ಎಂಜಿನ್ನಿನ ಬಿಸಿನೀರು ಅದರೊಳಗೆ ಸುತ್ತಿ ಬರುತ್ತೆ. ಅದು ತೂತಾಗಿದೆ. ಹೊರಗೆ ಹನಿ ಬೀಳೋದಿಲ್ಲ, ಎಲ್ಲಾ ನಿಮ್ಮ ಕಾಲ ಮೇಲೇ. ಹೀಟರಿನ ಗಾಳಿ ಜೊತೆ ಅದೇ ಗಾಜಿಗೂ ಹೋಗಿ ಕೂರುತ್ತೆ. ನಾನು ಸುಮ್ಮನೆ ಎಂಜಿನ್ ಬಿಚ್ಚೋಕೆ ಹೊರಟಿದ್ದೆ ನೋಡಿ. ನೀವು ಬಾಯಿ ಬಿಟ್ಟಿದ್ದಕ್ಕೆ ಬಚಾವ್."

ಗಾಳಿ ಪಂಪನ್ನು ಮತ್ತೆ ಜೋಡಿಸಿ ಒತ್ತಿ ತೋರಿಸಿದ. ಡ್ಯಾಶ್‌ಬೋರ್ಡಿನ ಅಡಿಯಿಂದ ಹಸಿರು ಹನಿಗಳು ಒಂದರ ಹಿಂದೊಂದು ಇಳಿದವು. ನಾಲ್ವರೂ ತಲೆಗೆ ತಲೆ ತಾಗಿಸಿಕೊಂಡು, ಸೊಂಟ ಬಗ್ಗಿಸಿ, ಆ ಹನಿಗಳನ್ನು ನೋಡುತ್ತಾ ನಿಂತರು. ಅಳಿಯನಂತೂ, "ಅಬ್ಬಾ, ಇಲ್ಲಿದ್ದೀಯಾ ನೀನು!" ಎಂದು ಕಳೆದುಹೋದ ಗೆಳೆಯ ಸಿಕ್ಕಿದವನ ಹಾಗೆ ಮಾತಾಡಿದ.

ಮಗಳು ಮೊದಲು ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. ಕಲಾವಿದರು ಮತ್ತೆ ಟೈರಿನ ಮೇಲೆ ಕುಳಿತರು. ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದಂತಾಗಿ ಉಸಿರು ತಾನಾಗಿಯೇ ಹಗುರಾಯಿತು. ಅದೆಷ್ಟು ಬಾಯಾರಿದೆ ಎಂಬುದು ಆಗ ಗೊತ್ತಾಯಿತು.

"ಸ್ವಲ್ಪ ನೀರು ಸಿಗುತ್ತಾ?" ಎಂದು ಕೇಳಿದರು.

ಗ್ಯಾರೇಜಿನವನು ಜಗ್ಗು ತಂದುಕೊಟ್ಟ. ಲೋಟಕ್ಕೆ ಕಾಯದೆ ಜಗ್ಗನ್ನೇ ಎತ್ತಿ ಗಟಗಟನೆ ಕುಡಿದರು. ಆಮೇಲೆ ಚಹಾ ಕುಡಿದರು. ಇನ್ನೊಂದು ಚಹಾ ಕುಡಿದರು. ಗ್ಯಾರೇಜಿನ ಹಿಂದಿನ ಶೌಚಾಲಯಕ್ಕೆ ಹೋಗಿ, ಪ್ಯಾಡನ್ನು ಸುತ್ತಿ ಕಸದ ಡಬ್ಬಿಗೆ ಹಾಕಿದರು. ಅದು ಒಣಗಿದ ಹಾಗೇ ಇತ್ತು. ಹೊರಬಂದಾಗ ಅವರ ನಡಿಗೆ ಅಂಗಡಿಯ ದಿನಗಳದ್ದಾಗಿತ್ತು ಎಂದು ಮಗಳಿಗೆ ಅನ್ನಿಸಿತು.

ಹೀಟರಿನ ಹೊಸ ಬಿಡಿಭಾಗ ತರಿಸಬೇಕಿತ್ತು. ಅಲ್ಲಿಯವರೆಗೆ ಗ್ಯಾರೇಜಿನವನು ಹೀಟರಿಗೆ ಹೋಗುವ ಎರಡು ಪೈಪುಗಳನ್ನೂ ಬಿಡಿಸಿ, ಒಂದಕ್ಕೊಂದು ಜೋಡಿಸಿ, ನೀರು ಒಳಗೆ ಬಾರದೆ ಹಿಂತಿರುಗುವಂತೆ ಮಾಡಿದ. "ಚಳಿ ಹೊಡೆಯುತ್ತೆ, ಆದ್ರೆ ಕಾರು ಎಷ್ಟು ದೂರ ಬೇಕಾದ್ರೂ ಹೋಗುತ್ತೆ" ಎಂದ.

ಚಳಿ ಹೊಡೆಯಿತು. ಕಲಾವಿದರು ಕಿವಿಯವರೆಗೂ ಶಾಲು ಎಳೆದುಕೊಂಡರು. ಗಾಜು ಮಾತ್ರ ತಿಳಿಯಾಗಿತ್ತು, ಗುಡ್ಡದ ಇಳಿಜಾರು ಕೊನೆಯವರೆಗೂ ಕಾಣುತ್ತಿತ್ತು.

"ನಿನಗೆ ಯಾವಾಗ ಗೊತ್ತಾಯ್ತು?" ಎಂದು ಹಿಂದಕ್ಕೆ ತಿರುಗದೆ ಕೇಳಿದರು.

"ಮೊದಲ ವಾರಾನೇ."

"ಕೇಳಬಾರದಿತ್ತೇನೆ?"

"ನೀನೇ ಕಲಿಸಿದ್ದಲ್ವಾ ಅಪ್ಪ, ಕೇಳಬಾರದು ಅಂತ."

"ಅದು ಗಿರಾಕಿಗಳಿಗೆ ಕಣೇ, ಮನೆಯವರಿಗಲ್ಲ." ಏನೋ ಹೊಳೆದವರಂತೆ ಕತ್ತು ತಿರುಗಿಸಿದರು. "ಆವತ್ತು ರಕ್ತ ತಗೊಂಡೆಯಲ್ಲ, ಹೊಸ ಮೆಷಿನ್ನು ಅಂತ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. "ಮ್ಯಾಟಿಗೆ ಸಿಹಿ ವಾಸನೆ ಬರ್ತಿತ್ತಪ್ಪ. ನಿನಗೆ ಸಕ್ಕರೆ ಕಾಯಿಲೆ ಅಂದ್ಕೊಂಡೆ."

"ಅಯ್ಯೋ ಇವಳ! ಕಾರಿನ ಕಾಯಿಲೆಗೆ ನನ್ನ ತೋಳು ಚುಚ್ಚಿದ್ದಾಳಲ್ಲಪ್ಪ!" ಎಂದು ಅಳಿಯನ ಭುಜಕ್ಕೆ ತಟ್ಟಿದರು. ಕಾರು ಅಲುಗಾಡುವಷ್ಟು ನಕ್ಕರು.

"ಮಾವ, ನನಗಂತೂ ಒಂದು ಮಾತು ಹೇಳಿದ್ರೆ..." ಎಂದು ಅಳಿಯ ಶುರುಮಾಡಿದ. "ಇವಳು ಕ್ರೀಮು ಹಚ್ಕೊಳ್ಳೋದನ್ನೇ ನಿಲ್ಲಿಸಿದ್ದೆ ನಾನು."

ಆಸ್ಪತ್ರೆಯಲ್ಲಿ ಅಕ್ಕ ಹಸಿರು ಗೌನು ತೊಟ್ಟು, ಮಂಚದ ಪಕ್ಕದ ಕುರ್ಚಿಯಲ್ಲಿ ಕೈಕಟ್ಟಿ ಕುಳಿತಿದ್ದಳು. ತಮ್ಮ ಬಾಗಿಲಲ್ಲಿ ಕಂಡ ಮೇಲಷ್ಟೇ ಎದ್ದು, "ನಡೀರಿ, ಎಲ್ಲಿ ಮಲಗಬೇಕು ತೋರಿಸಿ" ಎಂದು ನರ್ಸಿಗೆ ಅಪ್ಪಣೆ ಕೊಟ್ಟಳು. ಆಪರೇಷನ್ ಸಲೀಸಾಗಿ ಆಯಿತು. ಸಂಜೆ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕುಳಿತವಳಿಗೆ ಕಲಾವಿದರು ಎಲ್ಲವನ್ನೂ, ಪ್ಯಾಡಿನ ಸಮೇತ, ಬಿಡದೆ ಹೇಳಿದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗತೊಡಗಿದಾಗ ನರ್ಸು ಓಡಿ ಬಂದು, "ಅಜ್ಜಿ, ನಗಬೇಡಿ, ಕಣ್ಣಿಗೆ ಒತ್ತಡ ಬೀಳುತ್ತೆ" ಎಂದು ಗದರಿಸಿದಳು.

ನರ್ಸು ಅತ್ತ ಹೋದ ಮೇಲೆ ಅಕ್ಕ ತಮ್ಮನ ಕೈ ಹತ್ತಿರಕ್ಕೆಳೆದುಕೊಂಡಳು. "ಲೋ, ನನಗೆ ಕೆಮ್ಮಿದ್ರೆ ಈಗಲೂ ಆಗುತ್ತೆ ಕಣೋ. ಎಷ್ಟೋ ವರ್ಷದಿಂದ. ನಾನು ಅದಕ್ಕೆಲ್ಲ ಮನೆ ಹಿಡಿದು ಕೂತಿದ್ದೀನಾ?"

"ನೀನು ಯಾವತ್ತೂ ಹೇಳಲಿಲ್ಲ."

"ನೀನು ಯಾವತ್ತು ಕೇಳಿದೆ?"

ಕಣ್ಣಿಗೆ ದಿನಕ್ಕೆ ಹಲವು ಸಲ ಹನಿ ಹಾಕಬೇಕಿತ್ತು, ಅವಳೊಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ. ಪಟ್ಟಿ ಬಿಚ್ಚಿದ ಮರುದಿನ ಅವಳನ್ನೂ ಕರೆದುಕೊಂಡೇ ಹೊರಟರು. ಹೊರಡುವಾಗ ಅಕ್ಕ ತಮ್ಮನನ್ನು ಮೊಣಕೈಯಿಂದ ಸರಿಸಿ ಮುಂದಿನ ಸೀಟು ಹತ್ತಿದಳು. "ಹೊಸ ಕಣ್ಣು ಬಂದಿದೆ, ದಾರಿ ನೋಡಬೇಕು" ಎಂದಳು. ಬೋರ್ಡು, ಮರ, ಮೈಲಿಗಲ್ಲು, ಎದುರು ಬಂದ ಲಾರಿಯ ನಂಬರು, ಎಲ್ಲವನ್ನೂ ಜೋರಾಗಿ ಓದತೊಡಗಿದಳು. ಅಳಿಯ ಪ್ರತಿಯೊಂದಕ್ಕೂ ಹೌದು ಹೌದು ಎನ್ನುತ್ತಿದ್ದ. ಹಿಂದಿನ ಸೀಟಿನಲ್ಲಿ ಕಲಾವಿದರು ಕಾಲು ಚಾಚಿಕೊಂಡು, ಮಗಳ ಭುಜಕ್ಕೆ ತಲೆಯಾನಿಸಿ, ಗುಡ್ಡದ ಏರು ಶುರುವಾಗುವ ಮುಂಚೆಯೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅವರ ಗೊರಕೆಗೆ ಅಕ್ಕನ ಓದು ಕೂಡ ಕೇಳಿಸದಂತಾಯಿತು. ಮಗಳು ಶಾಲನ್ನು ಅವರ ಗಲ್ಲದವರೆಗೆ ಎಳೆದು ಹೊದಿಸಿ, ಕಿಟಕಿಯ ಹೊರಗೆ ನೋಡುತ್ತಾ ಕುಳಿತಳು.